ಆಕಾಶದ ಕಸ: ಸಣ್ಣ ಉಪಗ್ರಹಗಳ ವಿಚಾರ



ಹೊತ್ತು ಮುಳುಗಿದ ಮೇಲೆ ಆಕಾಶದಲ್ಲಿ ಮಿನುಗದೆ ಸರಿದುಹೋಗುವ ಚುಕ್ಕೆಯೊಂದು ಆಗಾಗ ಕಾಣುವುದುಂಟು. ಅದು ನಕ್ಷತ್ರವಲ್ಲ, ಮನುಷ್ಯನು ಮೇಲಕ್ಕೆ ಕಳುಹಿಸಿದ ಉಪಗ್ರಹ. ಮಳೆಯ ಮುನ್ಸೂಚನೆಗೂ ಬೆಳೆಯ ಸಮೀಕ್ಷೆಗೂ ಇವು ಬೇಕೇಬೇಕು. ಕಣ್ಣಿಗೆ ಕಾಣುವವು ದೊಡ್ಡವು. ಇಲ್ಲಿ ಹೇಳಹೊರಟಿರುವುದು ಕಾಣದ ಸಣ್ಣವುಗಳ ಮಾತು.

1999ರಲ್ಲಿ ಅಮೆರಿಕದ ಇಬ್ಬರು ಪ್ರಾಧ್ಯಾಪಕರು ವಿದ್ಯಾರ್ಥಿಗಳ ಕಲಿಕೆಗಾಗಿ ಉಪಗ್ರಹಕ್ಕೆ ಒಂದು ಅಳತೆ ಗೊತ್ತುಮಾಡಿದರು. ಉದ್ದ, ಅಗಲ, ಎತ್ತರ ಮೂರೂ ಹತ್ತು ಸೆಂಟಿಮೀಟರು. ತೂಕ ಒಂದು ಕಿಲೋ ಆಸುಪಾಸು. ಇದಕ್ಕೆ ಕ್ಯೂಬ್‌ಸ್ಯಾಟ್ ಎಂದು ಹೆಸರು. ಸಂತೆಗೆ ಹೊರಟ ಪಕ್ಕದ ಮನೆಯವರ ಗಾಡಿಯಲ್ಲಿ ನಮ್ಮದೂ ಒಂದು ಮೂಟೆ ಹಾಕಿ ಕಳುಹಿಸುವಂತೆ, ದೊಡ್ಡ ಉಪಗ್ರಹ ಹೊತ್ತ ರಾಕೆಟ್ಟಿನಲ್ಲಿ ಉಳಿದ ಜಾಗಕ್ಕೆ ಇವನ್ನು ಸೇರಿಸುತ್ತಾರೆ. ಆದ್ದರಿಂದಲೇ ಖರ್ಚು ಕಡಿಮೆ. ಬೆಂಗಳೂರು, ಹೈದರಾಬಾದುಗಳ ಏಳು ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ, ಒಂದು ಕಿಲೋ ಕೂಡ ತೂಗದ ‘ಸ್ಟಡ್‌ಸ್ಯಾಟ್’ 2010ರ ಜುಲೈ 12ರಂದು ನಮ್ಮ ಆಂಧ್ರದ ಶ್ರೀಹರಿಕೋಟೆಯಿಂದಲೇ ಮೇಲೇರಿತು. 2017ರ ಫೆಬ್ರವರಿ 15ರಂದು ಅಲ್ಲಿಂದ ಒಂದೇ ರಾಕೆಟ್ಟು 104 ಉಪಗ್ರಹಗಳನ್ನು ಒಯ್ದಿತು. ಅವುಗಳಲ್ಲಿ 88 ಭೂಮಿಯ ಚಿತ್ರ ತೆಗೆಯುವ ಒಂದೇ ಕಂಪನಿಯವು. ಒಂದೊಂದೂ ಐದು ಕಿಲೋದೊಳಗೆ.

ತೊಡಕಿರುವುದು ಮುಂದೆ. ಇಂಥ ಸಣ್ಣ ಉಪಗ್ರಹಗಳಲ್ಲಿ ಬಹುಪಾಲಿಗೆ ಎಂಜಿನಿಲ್ಲ. ಯಂತ್ರ ಕೆಟ್ಟ ಮೇಲೆ ತಾನಾಗಿ ಇಳಿಯಲಾರದು, ಎದುರು ಬಂದದ್ದಕ್ಕೆ ದಾರಿ ಬಿಡಲಾರದು. ಸುಮ್ಮನೆ ಸುತ್ತುತ್ತಿರುತ್ತದೆ. ಆ ವೇಗವಾದರೂ ಎಷ್ಟು? ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರು. ಮಡಕಶಿರದಿಂದ ಹಿಂದೂಪುರ ತಲುಪಲು ಆರು ಸೆಕೆಂಡೂ ಬೇಡ. ಕವಣೆಯ ಕಲ್ಲಿಗೇ ನಾವು ಹೆದರುತ್ತೇವೆ. ಈ ವೇಗದಲ್ಲಿ ಒಂದು ಬೋಲ್ಟು ತಗುಲಿದರೂ ದೊಡ್ಡ ಉಪಗ್ರಹ ಕೆಟ್ಟುಹೋಗಬಹುದು.

2009ರ ಫೆಬ್ರವರಿ 10ರಂದು ಇದು ಪ್ರತ್ಯಕ್ಷವಾಯಿತು. ಸೈಬೀರಿಯದ ಮೇಲೆ ಸುಮಾರು 790 ಕಿ.ಮೀ. ಎತ್ತರದಲ್ಲಿ, ಎಂದೋ ಕೆಟ್ಟಿದ್ದ ರಷ್ಯದ ಕಾಸ್ಮೋಸ್-2251, ಕೆಲಸ ಮಾಡುತ್ತಿದ್ದ ಅಮೆರಿಕದ ಇರಿಡಿಯಂ-33ಕ್ಕೆ ಡಿಕ್ಕಿ ಹೊಡೆಯಿತು. ರಾಡಾರಿಗೆ ಕಾಣುವಷ್ಟು ದೊಡ್ಡ ಚೂರುಗಳೇ ಎರಡು ಸಾವಿರ ಮೀರಿದವು. ಒಂದೊಂದು ಚೂರೂ ಮತ್ತೊಂದು ಡಿಕ್ಕಿಗೆ ಬೀಜ.

ಹಾಗಾದರೆ ಸಣ್ಣವುಗಳನ್ನು ಹಾರಿಸುವುದೇ ಬೇಡವೆ? ಹಾಗೆನ್ನುವವರೂ ಇದ್ದಾರೆ. ನನಗೆ ಅದು ಸರಿಕಾಣದು. ಅಂಥ ನಿಷೇಧದಿಂದ ನಷ್ಟವಾಗುವುದು ಬಡ ದೇಶಗಳಿಗೆ, ನಮ್ಮ ಮಕ್ಕಳ ಕಾಲೇಜುಗಳಿಗೆ. ನೋಡಬೇಕಾದದ್ದು ಗಾತ್ರಕ್ಕಿಂತ ಹೆಚ್ಚಾಗಿ ಎತ್ತರವನ್ನು. ರಷ್ಯದ ಮೊದಲ ಸ್ಪುಟ್ನಿಕ್ 83 ಕಿಲೋ ತೂಕದ್ದು. 1957ರ ಅಕ್ಟೋಬರಿನಲ್ಲಿ ಮೇಲೇರಿ ಮೂರೇ ತಿಂಗಳಲ್ಲಿ ಬಿದ್ದು ಉರಿದುಹೋಯಿತು. 1958ರ ಮಾರ್ಚಿನಲ್ಲಿ ಅಮೆರಿಕ ಹಾರಿಸಿದ ವ್ಯಾನ್‌ಗಾರ್ಡ್-1 ಒಂದೂವರೆ ಕಿಲೋ ಕೂಡ ಇಲ್ಲ. 1964ರಿಂದ ಮೂಕವಾಗಿದೆ, ಆದರೂ ಇಂದಿಗೂ ಸುತ್ತುತ್ತಿದೆ. ಕಾರಣವಿಷ್ಟೆ: ಸ್ಪುಟ್ನಿಕ್ ಭೂಮಿಗೆ 215 ಕಿ.ಮೀ. ಸಮೀಪ ಬರುತ್ತಿತ್ತು, ಇದು 650ಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಕೆಳಗಿನ ತೆಳುಗಾಳಿ ಉಪಗ್ರಹವನ್ನು ತಡೆದು ತಡೆದು ಇಳಿಸುತ್ತದೆ. 400 ಕಿ.ಮೀ.ಯೊಳಗಾದರೆ ಕೆಲವು ತಿಂಗಳು, ಒಂದೆರಡು ವರ್ಷ; 500ರಲ್ಲಿ ಹಲವು ವರ್ಷ; 800ರಲ್ಲಿ ಶತಮಾನಗಳೇ ಬೇಕು.

ಎಂಜಿನಿಲ್ಲದ್ದನ್ನು ಕೆಳಗಿನ ಕಕ್ಷೆಯಲ್ಲೇ ಬಿಟ್ಟರೆ ಗಾಳಿಯೇ ಗುಡಿಸುತ್ತದೆ. ಮೊದಲು ಕೆಲಸ ಮುಗಿದ ಮೇಲೆ 25 ವರ್ಷದ ಗಡುವಿತ್ತು. 2022ರಲ್ಲಿ ಅಮೆರಿಕ ಅದನ್ನು ಐದಕ್ಕೆ ಇಳಿಸಿತು. ನಮ್ಮ ಇಸ್ರೋ 2024ರ ಜನವರಿಯಲ್ಲಿ ಹಾರಿಸಿದ ರಾಕೆಟ್ಟಿನ ಕೊನೆಯ ಹಂತವನ್ನು 650 ಕಿ.ಮೀ.ಯಿಂದ 350ಕ್ಕೆ ಇಳಿಸಿತು. ಮಾರ್ಚ್ 21ರಂದು ಅದು ಗಾಳಿಗೆ ಮರಳಿತು, ಕಕ್ಷೆಯಲ್ಲಿ ಕಸ ಉಳಿಯಲಿಲ್ಲ.

ಬಿದ್ದದ್ದು ನಮ್ಮ ಹೊಲಕ್ಕೆ ಬಂದೀತೆ ಎಂದು ಕೇಳುವವರುಂಟು. ಸಣ್ಣ ಉಪಗ್ರಹ ಮೇಲೆಯೇ ಉರಿದುಹೋಗುತ್ತದೆ. ದೊಡ್ಡ ರಾಕೆಟ್ಟುಗಳ ತುಂಡು ಮಾತ್ರ ಅಪರೂಪಕ್ಕೆ ನೆಲ ಮುಟ್ಟುತ್ತದೆ. 2022ರ ಏಪ್ರಿಲ್ 2ರಂದು ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದೊಡ್ಡ ಲೋಹದ ಬಳೆ ಬಿದ್ದಿತ್ತು. ಅಂಥದ್ದು ಕಂಡರೆ ಮುಟ್ಟಕೂಡದು, ಗುಜರಿಗೂ ಹಾಕಕೂಡದು. ವಿಷದ ಇಂಧನ ಅಂಟಿರಬಹುದು. ಮಕ್ಕಳನ್ನೂ ದನಕರುಗಳನ್ನೂ ದೂರವಿಟ್ಟು ಪೊಲೀಸ್ ಠಾಣೆಗೋ ತಹಸೀಲ್ದಾರರ ಕಚೇರಿಗೋ ತಿಳಿಸತಕ್ಕದ್ದು.