ಅಧ್ಯಾಪಕರ ಸಂಶೋಧನೆ: ಧನವೂ ಕಾಲವೂ

ಮೈಸೂರಿನ ಎಂ. ಎನ್. ಶ್ರೀನಿವಾಸರನ್ನು ಭಾರತೀಯ ಸಮಾಜಶಾಸ್ತ್ರದ ಅಧ್ಯಾಪಕರನ್ನಾಗಿ ನಿಯಮಿಸಿಕೊಂಡ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವು, ಅವರು ತರಗತಿಗಳನ್ನು ಆರಂಭಿಸುವುದಕ್ಕೆ ಮೊದಲೇ, ಉದ್ಯೋಗದ ಪ್ರಥಮ ವರ್ಷವನ್ನು ಸ್ವದೇಶದ ಒಂದು ಹಳ್ಳಿಯಲ್ಲಿ ನೆಲೆಸಿ ಅಲ್ಲಿಯ ಜನಜೀವನವನ್ನು ಅಭ್ಯಸಿಸುವುದಕ್ಕೆಂದು ಅವರಿಗೆ ಬಿಟ್ಟುಕೊಟ್ಟಿತು. 1948ರಲ್ಲಿ ಅವರು ಮೈಸೂರು ಸೀಮೆಯ ಗ್ರಾಮವೊಂದರಲ್ಲಿ ಹೋಗಿ ನಿಂತದ್ದು ಈ ಏರ್ಪಾಡಿನಿಂದಲೇ. ಮುಂದೆ ತಮ್ಮ ಬರಹಗಳಲ್ಲಿ ಅವರು ರಾಮಪುರವೆಂದು ಕರೆದದ್ದು ಆ ಗ್ರಾಮವನ್ನೇ. ಎರಡು ದಶಕಗಳ ತರುವಾಯ ಅಮೆರಿಕದ ಸ್ಟಾನ್‌ಫರ್ಡ್‌ನ ಉನ್ನತ ಅಧ್ಯಯನ ಕೇಂದ್ರವು ಅವರಿಗೆ ಫೆಲೋಶಿಪ್ ಕೊಟ್ಟು, ಪಾಠಪ್ರವಚನಗಳ ಹೊಣೆಯಿಲ್ಲದೆ ಬರೆಯುವ ವಿರಾಮವನ್ನು ಒದಗಿಸಿತು. ಅಲ್ಲಿ 1970ರ ಏಪ್ರಿಲ್‌ನಲ್ಲಿ ಯಾರೋ ಹಚ್ಚಿದ ಬೆಂಕಿಯಲ್ಲಿ, ಶ್ರೀನಿವಾಸರು ವರ್ಷಗಟ್ಟಲೆ ಪರಿಷ್ಕರಿಸಿ ವಿಂಗಡಿಸಿಕೊಂಡಿದ್ದ ಟಿಪ್ಪಣಿಗಳೆಲ್ಲ ಸುಟ್ಟುಹೋದುವು. ಆದರೂ ಅವರು ಕುಗ್ಗದೆ ಸ್ಮರಣೆಯನ್ನೇ ಆಧಾರವಾಗಿಟ್ಟುಕೊಂಡು ಬರೆಯತೊಡಗಿದರು. ಆ ಗ್ರಂಥ, ‘ದಿ ರಿಮೆಂಬರ್ಡ್ ವಿಲೇಜ್’, 1976ರಲ್ಲಿ ಪ್ರಕಟವಾಗಿ ಲೋಕವಿಖ್ಯಾತವಾಯಿತು.

ನೋಡುವುದಕ್ಕೆ ಒಂದು ವರ್ಷ, ಬರೆಯುವುದಕ್ಕೆ ಒಂದು ವರ್ಷ: ಶ್ರೀನಿವಾಸರಿಗೆ ಆ ಎರಡು ಸಂಸ್ಥೆಗಳು ಕೊಟ್ಟದ್ದರ ಸಾರ ಇಷ್ಟೇ. ಸಂಶೋಧನೆಗೆ ಅನುದಾನವೆಂದೊಡನೆ ನಮ್ಮ ಮನಸ್ಸು ರೂಪಾಯಿಗಳ ಮೊತ್ತದತ್ತ ಹರಿಯುವುದು ಸಹಜವೇ ಆದರೂ, ಅನುದಾನದ ಅತ್ಯಂತ ಅಮೂಲ್ಯವಾದ ಭಾಗ ಕಾಲವೆಂಬುದನ್ನೂ, ಕಾಲವನ್ನು ಕೊಡದೆ ಧನವನ್ನು ಮಾತ್ರ ಕೊಟ್ಟರೆ ಅದು ಬಹುಮಟ್ಟಿಗೆ ನಿಷ್ಫಲವಾಗುವುದೆಂಬುದನ್ನೂ ಈ ಅಧ್ಯಾಯದಲ್ಲಿ ವಿಶದಪಡಿಸಬೇಕೆಂದಿದ್ದೇನೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯು ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಗಳ ಬೋಧನೆಯನ್ನು ವಿಧಿಸಿದೆ. ಕಾಗದದ ಮೇಲೆ ಅದು ಅಲ್ಪವೆಂದು ತೋರಬಹುದು. ಆದರೆ ಪಾಠದ ಸಿದ್ಧತೆ, ಉತ್ತರಪತ್ರಿಕೆಗಳ ಮೌಲ್ಯಮಾಪನ, ಪ್ರವೇಶಾತಿ, ನ್ಯಾಕ್ ಕಡತಗಳು, ಚುನಾವಣಾ ಕರ್ತವ್ಯ ಇವೆಲ್ಲ ಅದರ ಸುತ್ತ ಬೆಳೆದುಕೊಂಡಾಗ, ಪದವಿ ಕಾಲೇಜಿನ ಅಧ್ಯಾಪಕರಿಗೆ ಪ್ರಯೋಗಾಲಯದಲ್ಲಿ ನಿರಾತಂಕವಾಗಿ ಕುಳಿತುಕೊಳ್ಳಲು ಉಳಿಯುವುದು ಭಾನುವಾರವೊಂದೇ.

ಈ ಕೊರತೆಯನ್ನು ನಮ್ಮ ಹಿರಿಯರು ಅರಿಯದೆ ಇರಲಿಲ್ಲ. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ್ದ ಸರ್ವಪಲ್ಲಿ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ 1948-49ರಲ್ಲಿ ವಿಚಾರಣೆ ನಡೆಸಿದ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು, ರಜಾಕಾಲದ ಪುನಶ್ಚೇತನ ಶಿಬಿರಗಳನ್ನು ವಿಶ್ವವಿದ್ಯಾಲಯಗಳೇ ಏರ್ಪಡಿಸಬೇಕೆಂದು ಅಂದೇ ಸೂಚಿಸಿತ್ತು. ಧನಸಹಾಯ ಆಯೋಗವು 1953ರಲ್ಲಿ ಉದ್ಘಾಟನೆಗೊಂಡು 1956ರಲ್ಲಿ ಶಾಸನಬದ್ಧವಾಯಿತು. ಸಮಾಜವಿಜ್ಞಾನಗಳಿಗೆಂದು 1969ರಲ್ಲಿಯೂ ಇತಿಹಾಸಕ್ಕೆಂದು 1972ರಲ್ಲಿಯೂ ಪ್ರತ್ಯೇಕ ಪರಿಷತ್ತುಗಳು ಸ್ಥಾಪನೆಯಾದುವು. ಇವುಗಳ ಚರಿತ್ರೆಯನ್ನು ವಿಸ್ತರಿಸುವುದಕ್ಕೆ ಇಲ್ಲಿ ಎಡೆಯಿಲ್ಲ. ಆದರೆ ಒಂದು ನಿಯಮವನ್ನು ಮಾತ್ರ ಹೇಳದೆ ಮುಂದೆ ಹೋಗಲಾರೆ. ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಧನಸಹಾಯ ಆಯೋಗವು ನಡೆಸಿದ ಅಧ್ಯಾಪಕ ಫೆಲೋಶಿಪ್ಪಿನಲ್ಲಿ, ಕಾಲೇಜಿನ ಉಪನ್ಯಾಸಕರೊಬ್ಬರು ಪಿಎಚ್.ಡಿ. ವ್ಯಾಸಂಗಕ್ಕೆ ಹೊರಟರೆ ಅವರ ಸ್ಥಾನದಲ್ಲಿ ಪಾಠ ಮಾಡುವ ಬದಲಿ ಉಪನ್ಯಾಸಕರ ಸಂಬಳವನ್ನು ಆಯೋಗವೇ ಭರಿಸುತ್ತಿದ್ದಿತು. ಉಪಕರಣಕ್ಕೆ ಹಣ ಕೊಡುವವರು ಅನೇಕರುಂಟು. ತೆರವಾದ ತರಗತಿಯನ್ನು ಯಾರು ನೋಡಿಕೊಳ್ಳುವರೆಂದು ಯೋಚಿಸಿ ಅದಕ್ಕೂ ಹಣ ತೆಗೆದಿಟ್ಟ ಈ ನಿಯಮವನ್ನು ನಮ್ಮ ಉನ್ನತ ಶಿಕ್ಷಣದ ಅತ್ಯಂತ ವಿವೇಕಯುತವಾದ ಕ್ರಮಗಳಲ್ಲೊಂದೆಂದು ನಾನು ಎಣಿಸುತ್ತೇನೆ. ನಾಡಿನ ಎಷ್ಟೋ ಕಾಲೇಜುಗಳ ಅಧ್ಯಾಪಕರಿಗೆ ಡಾಕ್ಟರೇಟಿನ ದಾರಿ ತೆರೆದದ್ದು ಈ ಬಾಗಿಲಿನಿಂದಲೇ.

ಇತ್ತೀಚಿನ ವರ್ತಮಾನಗಳಲ್ಲಿ ಪ್ರಮುಖವಾದುದು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಉದಯ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಇದರ ಅಧಿನಿಯಮವು 2024ರ ಫೆಬ್ರವರಿ 5ರಿಂದ ಜಾರಿಗೆ ಬಂದಿತು. 2008ರ ಅಧಿನಿಯಮದ ಮೇರೆಗೆ ಕಾರ್ಯನಿರ್ವಹಿಸುತ್ತಿದ್ದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯು ಇದರಲ್ಲಿ ಲೀನವಾಯಿತು. ಪ್ರಧಾನಮಂತ್ರಿಗಳು ಇದರ ಪದನಿಮಿತ್ತ ಅಧ್ಯಕ್ಷರು. 2023ರಿಂದ 2028ರವರೆಗಿನ ಐದು ವರ್ಷಗಳಿಗೆ ಅಂದಾಜು ಮಾಡಲಾದ ಮೊತ್ತ 50,000 ಕೋಟಿ ರೂಪಾಯಿ. ಇದರಲ್ಲಿ 14,000 ಕೋಟಿಯನ್ನು ಕೇಂದ್ರ ಸರ್ಕಾರವು ಕೊಡತಕ್ಕದ್ದೆಂದೂ, ಉಳಿದ 36,000 ಕೋಟಿಯು ಉದ್ಯಮಗಳು, ದಾನಿಗಳು ಮುಂತಾದವರಿಂದ ಬರತಕ್ಕದ್ದೆಂದೂ ಯೋಜನೆ. ರಾಷ್ಟ್ರದ ಒಟ್ಟು ಉತ್ಪನ್ನದಲ್ಲಿ ಶೇಕಡ 0.64ರಷ್ಟನ್ನು ಮಾತ್ರ ಸಂಶೋಧನೆಗೆ ವಿನಿಯೋಗಿಸುತ್ತ ಬಂದಿರುವ ದೇಶಕ್ಕೆ ಈ ಮೊತ್ತ ದೊಡ್ಡದೇ ಸರಿ. ಆದರೆ ಅದರ ಬಹುಭಾಗವು ಸರ್ಕಾರದ ಬೊಕ್ಕಸದ ಹೊರಗಿನಿಂದ ಬರಬೇಕಾಗಿರುವುದರಿಂದ, ಪ್ರತಿಷ್ಠಾನದ ಬಲವು ಉದ್ಯಮಿಗಳ ಔದಾರ್ಯವನ್ನು ಅವಲಂಬಿಸಿರುವುದೆಂಬುದನ್ನು ಮರೆಯಲಾಗದು.

ಪ್ರತಿಷ್ಠಾನದ ಯೋಜನೆಗಳಲ್ಲಿ ರಾಜ್ಯ ವಿಶ್ವವಿದ್ಯಾಲಯಗಳ ಅಧ್ಯಾಪಕರು ಲಕ್ಷ್ಯಕೊಟ್ಟು ನೋಡಬೇಕಾದುವು ಕೆಲವುಂಟು. ಮುಂದುವರಿದ ಸಂಸ್ಥೆಯೊಂದನ್ನು ಕೇಂದ್ರವಾಗಿಸಿ ಅದರ ಸುತ್ತ ಕಡಮೆ ಸೌಕರ್ಯವುಳ್ಳ ವಿಶ್ವವಿದ್ಯಾಲಯಗಳನ್ನು ಜೋಡಿಸುವ ‘ಪೇರ್’ ಅವುಗಳಲ್ಲೊಂದು. ವೃತ್ತಿಯ ಆರಂಭದಲ್ಲಿರುವವರಿಗೆ ಪ್ರಧಾನಮಂತ್ರಿಗಳ ಹೆಸರಿನಲ್ಲಿ ಕೊಡುವ ಅನುದಾನ ಮತ್ತೊಂದು. ಆದರೆ ನನ್ನ ಮನಸ್ಸನ್ನು ಹೆಚ್ಚು ಸೆಳೆದಿರುವುದು ಹಿಂದಿನ ಮಂಡಳಿಯು ಆರಂಭಿಸಿದ ‘ಟೇರ್’ ಎಂಬ ಅಧ್ಯಾಪಕ ಸಹಯೋಗ ಯೋಜನೆ. ರಾಜ್ಯದ ವಿಶ್ವವಿದ್ಯಾಲಯದಲ್ಲಿಯೋ ಕಾಲೇಜಿನಲ್ಲಿಯೋ ಖಾಯಂ ಹುದ್ದೆಯಲ್ಲಿರುವ ಅಧ್ಯಾಪಕರು ತಮ್ಮ ಹುದ್ದೆಯನ್ನು ಬಿಡದೆಯೇ, ಐ.ಐ.ಟಿ., ಭಾರತೀಯ ವಿಜ್ಞಾನ ಸಂಸ್ಥೆ, ರಾಷ್ಟ್ರೀಯ ಪ್ರಯೋಗಾಲಯ ಮೊದಲಾದ ಕಡೆಯ ಹಿರಿಯ ಸಂಶೋಧಕರೊಬ್ಬರನ್ನು ಆಯ್ದುಕೊಂಡು, ಮೂರು ವರ್ಷಗಳ ಕಾಲ ಪ್ರತಿವರ್ಷವೂ ನಿಯಮಿತ ದಿನಗಳನ್ನು ಅವರೊಡನೆ ಕಳೆಯುವ ಏರ್ಪಾಡು ಇದು. ಮಂಡಳಿಯ ನಿಯಮದಂತೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ಸಂಶೋಧನಾನುದಾನವು ಅಧ್ಯಾಪಕರ ಸ್ವಂತ ಸಂಸ್ಥೆಗೂ ಆತಿಥೇಯ ಸಂಸ್ಥೆಗೂ ಸಮವಾಗಿ ಹಂಚಿಕೆಯಾಗುತ್ತಿತ್ತು. ಅಧ್ಯಾಪಕರಿಗೆ ವರ್ಷಕ್ಕೆ 60,000 ರೂಪಾಯಿಗಳ ಸಂಭಾವನೆ. ದೊಡ್ಡ ಊರಿನ ಪ್ರಯೋಗಾಲಯದಲ್ಲಿ ಕಲಿತದ್ದು ಅಲ್ಲಿಯೇ ಉಳಿಯದೆ ತಾಲ್ಲೂಕು ಕೇಂದ್ರದ ವಿದ್ಯಾರ್ಥಿಗಳಿಗೂ ಮುಟ್ಟುವಂತೆ, ಹಣದ ಅರ್ಧವನ್ನು ಊರ ಕಾಲೇಜಿಗೇ ಕಳುಹಿಸುವ ಈ ವಿಧಾನದಲ್ಲಿ ದೂರದೃಷ್ಟಿಯುಂಟು.

ಕರ್ನಾಟಕದ ಮಟ್ಟಿಗೆ, ಸಿ. ಎನ್. ಆರ್. ರಾವ್ ಅವರ ಅಧ್ಯಕ್ಷತೆಯಲ್ಲಿ ರೂಪುಗೊಂಡ ವಿಜ್ಞಾನ ಮತ್ತು ತಂತ್ರಜ್ಞಾನ ದೃಷ್ಟಿಸಮೂಹವು, ಅಂದರೆ ಕಾಲೇಜುಗಳಲ್ಲಿ ಎಲ್ಲರೂ ವಿ.ಜಿ.ಎಸ್.ಟಿ. ಎನ್ನುವ ಸಂಸ್ಥೆಯು, ಪ್ರಯೋಗಾಲಯಗಳನ್ನು ಬಲಪಡಿಸುವುದಕ್ಕೂ ಕಿರಿಯ ವಿಜ್ಞಾನಿಗಳ ಪ್ರಥಮ ಪ್ರಯತ್ನಗಳಿಗೂ ನೆರವು ನೀಡುತ್ತ ಬಂದಿದೆ. ಭಾಷೆ, ಸಾಹಿತ್ಯ, ಜಾನಪದಗಳ ಅಧ್ಯಾಪಕರಿಗೆ ಇಷ್ಟು ಬಾಗಿಲುಗಳಿಲ್ಲವೆಂಬುದು ವಿಷಾದದ ಸಂಗತಿ. ಶಾಸನಗಳನ್ನು ಓದಬಲ್ಲವರೂ ತಾಡವಾಲೆಗಳನ್ನು ಬಿಚ್ಚಬಲ್ಲವರೂ ಕಡಮೆಯಾಗುತ್ತಿರುವ ಈ ಕಾಲದಲ್ಲಿ ಅವರ ಕ್ಷೇತ್ರಕಾರ್ಯಕ್ಕೆ ಬೇಕಾದ ಅಲ್ಪ ಮೊತ್ತವನ್ನು ನಿರಾಕರಿಸುವುದು ನಾಡಿಗೆ ದೊಡ್ಡ ನಷ್ಟ.

ಅರ್ಜಿಯ ಸ್ವರೂಪವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮಲೆನಾಡಿನ ಸೆರಗಿನ ಒಂದು ಊರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸುವವರೊಬ್ಬರು, ಊರ ಕೆರೆಯ ನೀರು ಬೇಸಗೆಯಲ್ಲಿ ಹಸಿರುಗಟ್ಟುವುದಕ್ಕೆ ಕಾರಣವಾದ ಪಾಚಿಗಳನ್ನು ಎರಡು ವರ್ಷ ಅಭ್ಯಸಿಸಬೇಕೆಂದಿರುವರೆಂದು ಭಾವಿಸಿರಿ. ಅವರ ಪ್ರಸ್ತಾವದಲ್ಲಿ ಪರಿಶೀಲಕರು ಮೊದಲು ನೋಡುವುದು ಪ್ರಶ್ನೆಯನ್ನು: ಕೆರೆಯ ಪಾಚಿಗಳ ಅಧ್ಯಯನವೆಂದಷ್ಟೇ ಬರೆದರೆ ಅದು ಪ್ರಶ್ನೆಯಾಗದು, ಸುತ್ತಣ ಗದ್ದೆ ತೋಟಗಳಿಂದ ಮೊದಲ ಮಳೆಗೆ ಹರಿದುಬರುವ ಗೊಬ್ಬರದ ಅಂಶಕ್ಕೂ ನೀಲಿಹಸಿರು ಪಾಚಿಯ ವೃದ್ಧಿಗೂ ಸಂಬಂಧವುಂಟೆ ಎಂದು ಕೇಳಿದರೆ ಅದು ಪ್ರಶ್ನೆ. ಅನಂತರ ಅವರ ದೃಷ್ಟಿ ಆಯವ್ಯಯದ ಪುಟಕ್ಕೆ ಹೋಗುವುದು. ಉಪಕರಣದ ಕೆಳಗೆ ಒಂದು ಸೂಕ್ಷ್ಮದರ್ಶಕ ಮತ್ತು ನೀರನ್ನು ಸೋಸುವ ಸಣ್ಣ ಕಣ್ಣಿನ ರೇಷ್ಮೆಬಲೆ. ಬಳಕೆಯ ಸಾಮಗ್ರಿಯ ಕೆಳಗೆ ಗಾಜಿನ ಪಟ್ಟಿಗಳು, ಬಾಟಲಿಗಳು, ಪಾಚಿಯನ್ನು ಕೆಡದಂತೆ ಇಡುವ ಲ್ಯೂಗಾಲ್ ಅಯೋಡಿನ್ ದ್ರಾವಣ. ಪ್ರಯಾಣದ ಕೆಳಗೆ ಹದಿನೈದು ದಿನಕ್ಕೊಮ್ಮೆ ಕೆರೆಗೆ ಹೋಗಿಬರುವ ವೆಚ್ಚ. ಅದರ ಕೆಳಗೆ ಸಾದಿಲ್ವಾರು. ಕಡೆಗೆ ಕಾಲೇಜಿಗೆ ಸಲ್ಲುವ ಮೇಲ್ವೆಚ್ಚ. ಸಮೀಪದ ವಿಶ್ವವಿದ್ಯಾಲಯದಲ್ಲಿ ದೊರೆಯುವ ದುಬಾರಿ ಯಂತ್ರವೊಂದನ್ನು ಈ ಪುಟದಲ್ಲಿ ಸೇರಿಸಿದರೆ, ಅಲ್ಲಿಯೇ ಶುಲ್ಕ ಕೊಟ್ಟು ಏಕೆ ಬಳಸಬಾರದೆಂಬ ಪ್ರಶ್ನೆ ಬರುವುದು ನಿಶ್ಚಿತ. ಪ್ರತಿಯೊಂದು ಬಾಬಿಗೂ ಎರಡು ಸಾಲಿನ ಸಮರ್ಥನೆಯನ್ನು ಬರೆದಿಟ್ಟವರ ಅರ್ಜಿಯು ಸಮಿತಿಯ ಮುಂದೆ ತಾನೇ ತನ್ನ ಪರವಾಗಿ ಮಾತನಾಡುವುದು.

ಮಂಜೂರಾದ ಮೇಲಿನ ದುಡಿಮೆಯನ್ನೂ ಹೇಳಬೇಕು. ಪ್ರತಿ ಆರ್ಥಿಕ ವರ್ಷದ ಕೊನೆಗೆ ವೆಚ್ಚದ ತಃಖ್ತೆಯನ್ನೂ ಹಣಬಳಕೆ ಪ್ರಮಾಣಪತ್ರವನ್ನೂ ಪ್ರಾಂಶುಪಾಲರ ಸಹಿಯೊಡನೆ ಸಲ್ಲಿಸಿದ ಹೊರತು ಮುಂದಿನ ಕಂತು ಬಿಡುಗಡೆಯಾಗದು, ಯು.ಸಿ. ಎಂಬ ಎರಡಕ್ಷರವನ್ನು ಕೇಳಿದೊಡನೆ ಅನುಭವಿಗಳಾದ ಅಧ್ಯಾಪಕರ ಮುಖದಲ್ಲಿ ಮೂಡುವ ಆಯಾಸವನ್ನು ಬಲ್ಲವರೇ ಬಲ್ಲರು. ಅಧ್ಯಾಪಕರು ಲೆಕ್ಕಿಗರಲ್ಲ. ಒಂದೊಂದು ಜಿಲ್ಲೆಯ ಕಾಲೇಜುಗಳಿಗೆಲ್ಲ ಸೇರಿ ಅನುದಾನದ ಲೆಕ್ಕವನ್ನು ಬಲ್ಲ ಗುಮಾಸ್ತರೊಬ್ಬರನ್ನು ನಿಯಮಿಸಿದರೆ, ಅವರಿಗೆ ಕೊಡುವ ಸಂಬಳಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಸಂಶೋಧನಾಕಾಲವು ಮಿಗುವುದರಲ್ಲಿ ನನಗೆ ಸಂದೇಹವಿಲ್ಲ.

ಇನ್ನು ವೃತ್ತಿವಿಕಾಸದ ಅವಕಾಶಗಳು. 1986ರ ರಾಷ್ಟ್ರೀಯ ಶಿಕ್ಷಣನೀತಿಯ ತರುವಾಯ ದೇಶದ ಹಲವು ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ತಲೆಯೆತ್ತಿದುವು. ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿಯೂ ಅವು ನಡೆದುಬಂದುವು. ಹೊಸಬರಿಗೆ ನಾಲ್ಕು ವಾರಗಳ ಓರಿಯೆಂಟೇಷನ್, ಹಳಬರಿಗೆ ಮೂರು ವಾರಗಳ ರಿಫ್ರೆಶರ್: ಇವುಗಳನ್ನು ಬಡ್ತಿಗೆ ಬೇಕಾದ ಪ್ರಮಾಣಪತ್ರಕ್ಕಾಗಿ ಮಾತ್ರ ಮುಗಿಸಿ ಬಂದವರು ಇರಬಹುದಾದರೂ, ಬೀದರದ ಉಪನ್ಯಾಸಕರೂ ಮಂಗಳೂರಿನ ಉಪನ್ಯಾಸಕರೂ ಒಂದೇ ವಸತಿಗೃಹದಲ್ಲಿ ತಂಗಿ, ಊಟವಾದ ಮೇಲೆ ತಮ್ಮ ತಮ್ಮ ಪಠ್ಯಕ್ರಮದ ಕಷ್ಟಗಳನ್ನು ಹಂಚಿಕೊಂಡ ಆ ವಾರಗಳಿಂದ ಹುಟ್ಟಿದ ವಿದ್ವತ್ಸ್ನೇಹಗಳಿಗೆ ಬೆಲೆ ಕಟ್ಟಲಾಗದು. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಮಾಳವೀಯ ಮಿಷನ್ ಅಧ್ಯಾಪಕ ತರಬೇತಿ ಕಾರ್ಯಕ್ರಮವು 111 ಕೇಂದ್ರಗಳ ಮೂಲಕ ಈ ಕಾರ್ಯವನ್ನು ವಹಿಸಿಕೊಂಡಿದೆ. ಅದರ ಶಿಬಿರಗಳು ಈಗ ಅನೇಕವಾಗಿ ಆನ್‌ಲೈನ್‌ನಲ್ಲಿ ನಡೆಯುತ್ತಿರುವುದು ದೂರದ ಊರಿನವರಿಗೆ ಅನುಕೂಲವೇ. ಆದರೆ ಪಾಠದ ಹೊರೆಯನ್ನು ಇಳಿಸದೆ ಅದೇ ದಿನ ಸಂಜೆ ಪರದೆಯ ಮುಂದೆ ಕುಳ್ಳಿರಿಸುವುದು ವಿರಾಮವೆನಿಸದು.

ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಅವರು 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು, ದೆಹಲಿ ಮತ್ತು ಪ್ರಯಾಗಗಳ ಸೋದರ ಅಕಾಡೆಮಿಗಳೊಡನೆ ಕೂಡಿ, ಬೇಸಗೆಯ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ಪನ್ನು ವಿದ್ಯಾರ್ಥಿಗಳಿಗೆ ಮಾತ್ರವಲ್ಲದೆ ಅಧ್ಯಾಪಕರಿಗೂ ಕೊಡುತ್ತ ಬಂದಿರುವ ಸಂಗತಿ ಅನೇಕ ಕಾಲೇಜುಗಳಿಗೆ ತಿಳಿದೇ ಇಲ್ಲ. ಪ್ರಕಟಣೆಗಳು ಬರುವುದಿಲ್ಲವೆಂದಲ್ಲ, ಬಂದ ಸುತ್ತೋಲೆಯು ಪ್ರಾಂಶುಪಾಲರ ಮೇಜಿನಿಂದ ವಿಭಾಗಕ್ಕೆ ಇಳಿದು ಬರುವಷ್ಟರಲ್ಲಿ ಕೊನೆಯ ದಿನಾಂಕವು ಕಳೆದುಹೋಗಿರುತ್ತದೆ. ಗ್ರಂಥಪಾಲಕರೊಬ್ಬರು ವಾರಕ್ಕೊಮ್ಮೆ ಇಂಥ ಪ್ರಕಟಣೆಗಳನ್ನು ಕಲೆಹಾಕಿ, ಅರ್ಹತೆ, ಮೊತ್ತ, ಅಂತಿಮ ದಿನಾಂಕಗಳನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಅಧ್ಯಾಪಕರ ಕೊಠಡಿಯಲ್ಲಿ ಹಚ್ಚಿದರೆ ಸಾಕು.

ಆ ಹಾಳೆಯನ್ನು ಓದುವವರಲ್ಲಿ ಅತಿಥಿ ಉಪನ್ಯಾಸಕರೂ ಇರುವರು. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಪಾಠದ ಭಾರವನ್ನು ಬಹುಪಾಲು ಹೊತ್ತಿರುವ ಅವರಲ್ಲಿ ಡಾಕ್ಟರೇಟ್ ಪಡೆದವರಿಗೂ ಕೊರತೆಯಿಲ್ಲ. ಆದರೆ ಖಾಯಂ ಹುದ್ದೆಯನ್ನು ಅರ್ಹತೆಯಾಗಿ ಕೇಳುವ ಯೋಜನೆಗಳಲ್ಲಿ ಅವರಿಗೆ ಪ್ರವೇಶವಿಲ್ಲ. ಪ್ರಯೋಗಾಲಯವು ಇರುವುದು ಕಾಲೇಜಿನಲ್ಲಿ, ಅನುದಾನವನ್ನು ಸ್ವೀಕರಿಸಿ ಲೆಕ್ಕ ಒಪ್ಪಿಸುವುದೂ ಕಾಲೇಜೇ ಆದುದರಿಂದ, ಖಾಯಂ ಅಧ್ಯಾಪಕರೊಬ್ಬರನ್ನು ಜೊತೆಗೆ ನಿಲ್ಲಿಸಿಕೊಂಡು ಅತಿಥಿ ಉಪನ್ಯಾಸಕರು ಅರ್ಜಿ ಹಾಕುವುದಕ್ಕೆ ನಿಯಮದಲ್ಲಿ ಎಡೆಮಾಡಿಕೊಡುವುದು ಅಸಾಧ್ಯವೇನಲ್ಲ. ಪ್ರತಿಷ್ಠಾನವೂ ರಾಜ್ಯ ಸರ್ಕಾರವೂ ಈ ತಿದ್ದುಪಡಿಯನ್ನು ಶೀಘ್ರವಾಗಿ ಕೈಗೊಳ್ಳಬೇಕು.