ವಸಡಿನಂಚಿನ ಬಿಳಿ ಸಿಮೆಂಟು ಯಾಕೆ ಉದುರುತ್ತೆ?

ತಣ್ಣೀರು ತಾಗಿದರೆ ಜುಮ್ ಅನ್ನುವ ಹಲ್ಲಿನಲ್ಲಿ ಹುಳುಕೇ ಇರಬೇಕೆಂದಿಲ್ಲ. ವಸಡಿಗೆ ತಾಗಿದ ಜಾಗವನ್ನು ಉಗುರಿನಿಂದ ಸವರಿದರೆ, ಮರದ ಬುಡಕ್ಕೆ ಕೊಡಲಿ ಹಾಕಿದಂಥ ಕಚ್ಚು ಸಿಕ್ಕೀತು. ಇದು ಸವೆತ. ಗಟ್ಟಿ ಬ್ರಷ್ ಹಿಡಿದು ಅಡ್ಡಡ್ಡ ಉಜ್ಜುವುದು, ಇದ್ದಿಲು, ಇಟ್ಟಿಗೆ ಪುಡಿ, ರಾತ್ರಿ ಹಲ್ಲು ಕಡಿಯುವುದು, ಮೇಲಿಂದ ಮೇಲೆ ಹುಳಿ: ಎಲ್ಲದಕ್ಕೂ ಇದರಲ್ಲಿ ಪಾಲುಂಟು.

ಹುಣಸೂರು ತಾಲ್ಲೂಕಿನ ಗಾವಡಗೆರೆಯಂಥ ಕಡೆ ಇನ್ನೊಂದನ್ನೂ ಸೇರಿಸಬೇಕು. ಹುಣಸೂರು, ಪಿರಿಯಾಪಟ್ಟಣ ಎಂದರೆ ಹೊಗೆಸೊಪ್ಪಿನ ಸೀಮೆ. ಬೆಳೆದವರೆಲ್ಲ ಜಗಿಯುವುದಿಲ್ಲ, ನಿಜ. ಆದರೆ ಜಗಿಯುವವರು ಸೊಪ್ಪನ್ನು ಒತ್ತಿಟ್ಟುಕೊಂಡ ಜಾಗದಲ್ಲೇ ವಸಡು ಸರಿದು ಬೇರು ಬಯಲಾಗುತ್ತದೆ. ಬೇರಿಗೆ ಎನಾಮಲ್‌ನ ಕಾಪು ಇಲ್ಲ, ಬೇಗ ಸವೆಯುತ್ತದೆ. ಹಲ್ಲುಪುಡಿ, ಪೇಸ್ಟಿಗೆ ಹೊಗೆಸೊಪ್ಪು ಬೆರೆಸುವುದನ್ನು ಸರ್ಕಾರ 1992ರಲ್ಲೇ ನಿಷೇಧಿಸಿತು. ದವಡೆಯಲ್ಲಿಟ್ಟುಕೊಳ್ಳುವುದಕ್ಕೆ ಆ ತಡೆ ಇಲ್ಲವಲ್ಲ!

ಈ ಕಚ್ಚಿಗೆ ಹಲ್ಲಿನ ಬಣ್ಣದ ಸಿಮೆಂಟು ತುಂಬಿಸಿಕೊಂಡವರ ದೂರು ಒಂದೇ: ‘ಬಿದ್ದೋಯ್ತು’. ಬೆಳ್ಳಿ ಸಿಮೆಂಟಿಗಾದರೆ ಹಲ್ಲನ್ನು ಒಳಗೆ ಅಗಲವಾಗಿ ಕೊರೆದು ಹಿಡಿತ ಮಾಡಿಕೊಡುತ್ತಿದ್ದರು. ಇಲ್ಲಿ ಅಂಥ ಹಿಡಿತವಿಲ್ಲ, ಅಂಟೇ ಗತಿ. ಹೊಸ ಅಂಟುಗಳ ತಾಕತ್ತನ್ನು ಜಗತ್ತಿನೆಲ್ಲೆಡೆ ಇದೇ ಜಾಗದಲ್ಲಿ ಪರೀಕ್ಷಿಸುವುದೂ ಅದಕ್ಕೇ. ಆಮ್ಲ ಹಚ್ಚಿದರೆ ಎನಾಮಲ್‌ಗೆ ರಾಳ ಗಟ್ಟಿಯಾಗಿ ಅಂಟುತ್ತದೆಂದು ಅಮೆರಿಕದ ಬುವಾನೊಕೋರ್ 1955ರಲ್ಲೇ ತೋರಿಸಿದ್ದರು. ಆದರೆ ವಸಡಿನಂಚಿನಲ್ಲಿ ಎನಾಮಲ್ ತೆಳು, ಕೆಳಗಂತೂ ಇಲ್ಲವೇ ಇಲ್ಲ. ಎನಾಮಲ್‌ನಡಿಯ ಡೆಂಟಿನ್ ಪದರದಲ್ಲಿ ತೇವ ಇದ್ದೇ ಇರುತ್ತದೆ. ವರ್ಷಗಟ್ಟಲೆ ಸವೆದದ್ದು ಗಾಜಿನಂತೆ ಗಟ್ಟಿಯಾಗಿ ಅಂಟನ್ನು ಹೀರಿಕೊಳ್ಳುವುದಿಲ್ಲ. ವಸಡಿನ ಸಂದಿಯಿಂದ ದ್ರವ ಜಿನುಗುತ್ತದೆ, ಊದಿದ್ದರೆ ರಕ್ತವೂ. ಸಾಲದ್ದಕ್ಕೆ ನೀಲಿ ಬೆಳಕಿಗೆ ಗಟ್ಟಿಯಾಗುವಾಗ ಕಾಂಪೊಸಿಟ್ ಎಂಬ ರಾಳದ ಸಿಮೆಂಟು ತುಸು ಕುಗ್ಗಿ ಅಂಚನ್ನು ಎಳೆಯುತ್ತದೆ.

ನಿಲ್ಲುವುದು ಯಾವುದು? ಬ್ರಿಟನ್ನಿನ ವಿಲ್ಸನ್ ಮತ್ತು ಕೆಂಟ್ 1970ರ ದಶಕದ ಆರಂಭದಲ್ಲಿ ಪರಿಚಯಿಸಿದ ಗ್ಲಾಸ್ ಅಯೊನೊಮರ್ ಹಲ್ಲಿನ ಕ್ಯಾಲ್ಸಿಯಂ ಜೊತೆ ತಾನೇ ಬೆಸೆದುಕೊಳ್ಳುತ್ತದೆ, ಫ್ಲೋರೈಡನ್ನೂ ಬಿಡುತ್ತದೆ. ರೋಗಿಗಳ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಮರ್ಶೆಗಳಲ್ಲಿ, ಈ ಜಾಗದಲ್ಲಿ ಉದುರುವುದು ಇದೇ ಅತಿ ಕಡಿಮೆ. ಕಾಂಪೊಸಿಟ್ ಅಂದ, ನುಣುಪು. ಅಯೊನೊಮರ್ ಕ್ರಮೇಣ ಮಂಕಾಗಿ ಒರಟಾಗುತ್ತದೆ. ಕಾಂಪೊಸಿಟ್‌ಗಳಲ್ಲೂ ಅಂಟಿನ ಮೇಲೆ ಬಾಳಿಕೆ. ಎರಡು ಮೂರು ಹಂತಗಳಲ್ಲಿ ಹಚ್ಚುವ ಒಳ್ಳೆಯ ಅಂಟುಗಳು ವರ್ಷಗಟ್ಟಲೆ ನಿಂತಿವೆ. ಒಂದೇ ಬಾಟಲಿಯಲ್ಲಿ ಕೆಲಸ ಮುಗಿಸುವ ಹಳೆಯವು ಅಷ್ಟು ನಿಂತಿಲ್ಲ.

ನಕ್ಕರೆ ಕಾಣುವ ಹಲ್ಲಿಗೆ ಕಾಂಪೊಸಿಟ್ ಇರಲಿ. ಒಳದವಡೆಗೆ ಅಯೊನೊಮರ್ ಸಾಕು, ಅಲ್ಲಿ ಅಂದ ನೋಡುವವರ್ಯಾರು? ಮೈಸೂರಿನ ಜೆಎಸ್‌ಎಸ್ ಅಥವಾ ಫಾರೂಕಿಯಾ ದಂತ ವೈದ್ಯಕೀಯ ಕಾಲೇಜಿಗೆ ಹೋಗಿ, ಊರ ಹತ್ತಿರದ ಡಾಕ್ಟರ ಬಳಿಯೇ ಹೋಗಿ, ಯಾವ ಸಿಮೆಂಟು, ಯಾಕೆ ಎಂದು ಕೇಳಿ. ವಸಡು ಊದಿದ್ದರೆ ಮೊದಲು ಅದನ್ನು ವಾಸಿ ಮಾಡಿಸಿ, ಆಮೇಲೆ ತುಂಬಿಸಿಕೊಳ್ಳಿ. ಮೃದು ಬ್ರಷ್ ಕೊಳ್ಳಿ, ಹೊಗೆಸೊಪ್ಪು ಬಿಡಿ.