ಜಯಲಕ್ಷ್ಮಿ ವಿಲಾಸದ ಮಾಲೀಕರು ಯಾರು?

ನಮ್ಮ ಬಾಡಿಗೆ ಮನೆ ಸೋರಿದರೆ ಅಬ್ಬಾ ಮಾಲೀಕರಿಗೆ ಫೋನ್ ಮಾಡುತ್ತಾರೆ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಅರಮನೆ ಸೋರಿದರೆ ಯಾರಿಗೆ ಹೇಳಬೇಕು?

1905ರಲ್ಲಿ ಇದನ್ನು ಕಟ್ಟಿಸಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗಾಗಿ. 1959ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ನಾತಕೋತ್ತರ ಕೇಂದ್ರಕ್ಕೆಂದು ಕೊಂಡುಕೊಂಡಿತು. ಮುಂದೆ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ಬಂತು.

ಕಟ್ಟಡ ಶಿಥಿಲವಾದಾಗ ಇನ್ಫೋಸಿಸ್ ಪ್ರತಿಷ್ಠಾನ ದುರಸ್ತಿಗೆ ಹಣ ಕೊಟ್ಟಿತು. ಆದರೂ ಮಾಲೀಕತ್ವ ಬದಲಾಗಲಿಲ್ಲ. ಖರೀದಿ ಮಾಡಿದರೆ ಹಕ್ಕು ಬರುತ್ತದೆ. ದೇಣಿಗೆ ಕೊಟ್ಟರೆ ಬರುವುದಿಲ್ಲ.

ವಿಶ್ವವಿದ್ಯಾನಿಲಯ ಸರ್ಕಾರದ್ದು. ಅಂದರೆ ಮಾಲೀಕರ ಸಾಲಿನಲ್ಲಿ ನಾವೂ ಇದ್ದೇವೆ. ಅಕೌಂಟೆನ್ಸಿ ತರಗತಿಯಲ್ಲಿ ಕಟ್ಟಡಕ್ಕೆ ಪ್ರತಿ ವರ್ಷ ಸವಕಳಿ ಬರೆಯುತ್ತೇವೆ. ಬರೆದರೆ ಸಾಲದು, ದುರಸ್ತಿಗೆ ಹಣವನ್ನೂ ತೆಗೆದಿಡಬೇಕು. ಇಲ್ಲದಿದ್ದರೆ ಕೊಂಡದ್ದು ಉಳಿಯುವುದಿಲ್ಲ.